ಟ್ರ್ಯಾಕ್ ಇಲ್ಲದೆ ಹಾಡಬಾರದೇ?

ಮ್ಯಾಂಚೆಸ್ಟರಿನಲ್ಲಿ ನಾವು ಕನ್ನಡದವರು ಸೇರಿ ಮಾಡಿದ ರಾಜ್ಯೋತ್ಸವದಲ್ಲಿ ನಡೆದ ಒಂದು ಸಣ್ಣ ಸಂಗತಿ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಗೆಳೆಯನ ತಾಯಿ ಕೊಳ್ಳೇಗಾಲದ ಕಡೆಯವರು. ಮೊಮ್ಮಗುವನ್ನು ನೋಡಿಕೊಳ್ಳಲು ಬಂದಿದ್ದರು. ಅವರಿಗೆ ಸೋಬಾನೆ ಪದ ಗೊತ್ತು, ಮಾದಪ್ಪನ ಪದವೂ ಗೊತ್ತು. ನಾನೇ ಒತ್ತಾಯ ಮಾಡಿ ಹೆಸರು ಕೊಡಿಸಿದ್ದೆ. ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದವರು ಕೇಳಿದ ಮೊದಲ ಮಾತು, "ಅಮ್ಮ, ಟ್ರ್ಯಾಕ್ ಇದೆಯಾ?"

"ಟ್ರ್ಯಾಕ್ ಅಂದ್ರೆ ಏನಪ್ಪ?"

"ಮ್ಯೂಸಿಕ್ ಅಮ್ಮ, ಹಿಂದೆ ಬರುತ್ತಲ್ಲ. ಬರೀ ಬಾಯಲ್ಲಿ ಹಾಡಿದ್ರೆ ಸ್ಟೇಜ್ ಮೇಲೆ ಚೆನ್ನಾಗಿರಲ್ಲ."

ಅವರು ಸುಮ್ನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಸಂಜೆಯಿಡೀ ಸಿನಿಮಾ ಹಾಡುಗಳು ಬಂದವು, ಎಲ್ಲವೂ ಟ್ರ್ಯಾಕ್ ಸಮೇತ. ಚೆನ್ನಾಗಿ ಹಾಡಿದವರೂ ಇದ್ದರು. ನನಗೆ ಮಾತ್ರ ಒಳಗೊಳಗೇ ಸಿಟ್ಟು.

ಯಾಕೆ ಸಿಟ್ಟು ಅಂದ್ರೆ, ಸ್ವಲ್ಪ ದಿನ ಮುಂಚೆ ಪಕ್ಕದ ಸಾಲ್ಫರ್ಡಿನ ಒಂದು ಪಬ್ಬಿಗೆ ಹೋಗಿದ್ದೆ. ಅದರ ಮಹಡಿ ಕೋಣೆಯಲ್ಲಿ ಇಲ್ಲಿಯವರು ತಮ್ಮ ಜನಪದ ಹಾಡು ಹಾಡುತ್ತಾರೆ. ಮೈಕ್ ಇಲ್ಲ, ಸ್ಟೇಜ್ ಇಲ್ಲ. ಬಂದವರಲ್ಲಿ ಯಾರು ಬೇಕಾದರೂ ಎದ್ದು ಹಾಡಬಹುದು. ಬಸ್ ಓಡಿಸಿ ನಿವೃತ್ತರಾದ ಒಬ್ಬರು ಹತ್ತಿ ಗಿರಣಿಯ ಹಾಡು ಶುರು ಮಾಡಿದರು. ದನಿ ನಡುಗುತ್ತಿತ್ತು. ಎರಡನೇ ನುಡಿ ಮರೆತೇ ಹೋಯಿತು. ಮೂಲೆಯಲ್ಲಿದ್ದ ಹೆಂಗಸೊಬ್ಬರು ಮೊದಲ ಪದ ಎತ್ತಿಕೊಟ್ಟರು. ಪಲ್ಲವಿ ಬಂದಾಗ ಇಡೀ ಕೋಣೆ ಸೇರಿಕೊಂಡಿತು. ನಮ್ಮಲ್ಲಿ ಒಬ್ಬರು ಸೊಲ್ಲೆತ್ತಿದರೆ ಉಳಿದವರು ಹಿಡಿಯುತ್ತಾರಲ್ಲ, ಥೇಟ್ ಹಾಗೇ. ಹಾಡು ಮುಗಿದ ಮೇಲೆ ಶ್ರುತಿ ಬಗ್ಗೆ ಯಾರೂ ಮಾತಾಡಲಿಲ್ಲ. ಈ ಹಾಡು ನಿಮಗೆ ಯಾರಿಂದ ಬಂತು ಅಂತ ಕೇಳಿದರು.

ಆ ಕೋಣೆಯಲ್ಲೇ ಒಬ್ಬರು ನನಗೆ ವಾಟರ್‌ಸನ್ಸ್ ಎಂಬ ತಂಡದ 'ಫ್ರಾಸ್ಟ್ ಅಂಡ್ ಫೈರ್' ಕೇಳಲು ಹೇಳಿದ್ದು. 1965ರ ಆಲ್ಬಂ. ಹಲ್ ಊರಿನ ಒಬ್ಬ ಹುಡುಗ, ಅವನ ಅಕ್ಕ, ತಂಗಿ, ಜೊತೆಗೆ ಒಬ್ಬ ಸೋದರಸಂಬಂಧಿ. ಚಿಕ್ಕಂದಿನಲ್ಲೇ ತಂದೆ ತಾಯಿ ಕಳೆದುಕೊಂಡು ಅಜ್ಜಿ ಮನೆಯಲ್ಲಿ ಬೆಳೆದವರು. ವರ್ಷದ ಒಂದೊಂದು ಕಾಲಕ್ಕೂ ಹಬ್ಬಕ್ಕೂ ಇರುವ ಹಳೇ ಹಾಡುಗಳನ್ನು ಸಾಲಾಗಿ ಹಾಡಿದ್ದಾರೆ. ದನಿಗಳು ಒಂದಕ್ಕೊಂದು ಉಜ್ಜಿಕೊಂಡೇ ಹೋಗುತ್ತವೆ, ನುಣ್ಣಗೆ ಬೆರೆಯುವುದಿಲ್ಲ. ಮೊದಲ ಸಲ ಕೇಳಿದಾಗ ನನಗೆ ಸುಗ್ಗಿ ಕಾಲದ ನಮ್ಮ ಕಣ ನೆನಪಾಯಿತು. ನಾನು ಕೇಳಿದ ಇಂಗ್ಲಿಷ್ ಜನಪದ ಆಲ್ಬಂಗಳಲ್ಲಿ ಇದಕ್ಕೆ ಸಾಟಿ ಇನ್ನೊಂದಿಲ್ಲ.

ಎಪ್ಪತ್ತರ ದಶಕದ ಒರಟು, ಬಿರುಸಿನ ಪಂಕ್ ರಾಕ್ ಸಂಗೀತ ನನಗೆ ಹತ್ತಿರವಾದದ್ದು ಇದಾದ ಮೇಲೆ. ಅದಕ್ಕೂ ಮುಂಚೆ ಅದು ಬರೀ ಗಲಾಟೆ, ನೆಟ್ಟಗೆ ನಿಲ್ಲಿಸಿದ ಕೂದಲು ಅಷ್ಟೇ ಅಂದುಕೊಂಡು ದೂರ ಇಟ್ಟಿದ್ದೆ. ಆದರೆ ಈ ಊರಿನ ಕಥೆ ಕೇಳಿ. 1976ರ ಜೂನ್ 4ರಂದು ಇಲ್ಲಿನ ಫ್ರೀ ಟ್ರೇಡ್ ಹಾಲಿನ ಮೇಲಿನ ಸಣ್ಣ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಕಾರ್ಯಕ್ರಮ ಆಯಿತು. ಏರ್ಪಾಡು ಮಾಡಿದವರು ಬೋಲ್ಟನ್ನಿನ ಇಬ್ಬರು ವಿದ್ಯಾರ್ಥಿಗಳು, ಪೀಟ್ ಶೆಲ್ಲಿ ಮತ್ತು ಹೊವಾರ್ಡ್ ಡಿವೋಟೊ. ಬಂದವರು ಕೆಲವೇ ಡಜನ್ ಜನ. ಅವರಲ್ಲಿದ್ದ ಪೀಟರ್ ಹುಕ್ ಎಂಬ ಹುಡುಗ ಮರುದಿನವೇ ಒಂದು ಬೇಸ್ ಗಿಟಾರ್ ಕೊಂಡ. ನುಡಿಸಲು ಬರುತ್ತಿರಲಿಲ್ಲ. ಮುಂದೆ ಅವನೂ ಗೆಳೆಯರೂ ಸೇರಿ ಕಟ್ಟಿದ್ದೇ ಜಾಯ್ ಡಿವಿಷನ್ ಎಂಬ ಹೆಸರಾಂತ ತಂಡ.

ಶೆಲ್ಲಿ, ಡಿವೋಟೊ ಅವರ ಸ್ವಂತ ತಂಡ ಬಜ್‌ಕಾಕ್ಸ್. ಸಾಲ ಮಾಡಿದ ದುಡ್ಡಲ್ಲಿ, ಕಂಪನಿಯವರ ಮನೆ ಬಾಗಿಲು ತಟ್ಟದೆ, ತಮ್ಮದೇ ಹೆಸರಲ್ಲಿ 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ರೆಕಾರ್ಡ್ ತಂದರು. ನಾಲ್ಕೇ ಹಾಡು. ಮೊದಲಿಗೆ ಒತ್ತಿಸಿದ್ದು ಸಾವಿರ ಪ್ರತಿ. ಯಾವ ಹಾಡು ಎಷ್ಟನೇ ಸಲಕ್ಕೆ ಸರಿಬಂತು, ಮೇಲಿಂದ ಏನು ಸೇರಿಸಿದೆವು ಅಂತ ಕವರಿನ ಮೇಲೇ ಅಚ್ಚು ಹಾಕಿದ್ದರು. ಅದರಲ್ಲಿನ 'ಬೋರ್‌ಡಮ್' ಹಾಡಿನಲ್ಲಿ ಗಿಟಾರ್ ಸೋಲೋಗೆ ಸಿಗುವುದು ಎರಡೇ ಸ್ವರ. ಅವೆರಡನ್ನೇ ಮತ್ತೆ ಮತ್ತೆ ಹೊಡೆಯುತ್ತಾ ಹೋಗುತ್ತದೆ. ನನಗಂತೂ ಅದು ಯಾವ ದೊಡ್ಡ ಗಿಟಾರ್ ವಾದನಕ್ಕಿಂತ ಜಾಸ್ತಿ ಇಷ್ಟ. ಅದೇ ವರ್ಷ ಬಂದ ಸೆಕ್ಸ್ ಪಿಸ್ಟಲ್ಸ್ ಆಲ್ಬಂ ಜಗತ್ಪ್ರಸಿದ್ಧ. ಆದರೆ ಅಲ್ಲಿ ಗಿಟಾರಿನ ಮೇಲೆ ಗಿಟಾರ್ ಪೇರಿಸಿ ನುಣ್ಣಗೆ ಗಾರೆ ಮಾಡಿದ್ದಾರೆ. ಹೆಸರು ಅದರದ್ದು, ಜೀವ ಮಾತ್ರ ಈ ನಾಲ್ಕು ಹಾಡುಗಳಲ್ಲಿದೆ.

ಜನಪದ, ಪಂಕ್ ಎರಡೂ ಒಂದೇ ಕಡೆ ಬೇಕು ಅಂದರೆ ಪೋಗ್ಸ್ ತಂಡದ 1985ರ 'ರಮ್, ಸೊಡೊಮಿ ಅಂಡ್ ದ ಲ್ಯಾಶ್' ಕೇಳಬೇಕು. ಲಂಡನ್ನಿನಲ್ಲಿ ಸೇರಿದ ಐರಿಶ್ ಮೂಲದ, ಇಂಗ್ಲೆಂಡ್ ಮೂಲದ ಹುಡುಗ ಹುಡುಗಿಯರು. ಊರಿಂದ ದೂರ ಬಂದವರ ಸಂಕಟ ಅದರ ತುಂಬ ಇದೆ. ಅದರಲ್ಲಿನ 'ಡರ್ಟಿ ಓಲ್ಡ್ ಟೌನ್' ಇದೇ ಸಾಲ್ಫರ್ಡಿನ ಬಗ್ಗೆ ಇಲ್ಲಿಯವರೇ ಆದ ಯೂವನ್ ಮೆಕಾಲ್ 1949ರಲ್ಲಿ ಬರೆದ ಹಾಡು. ಮೆಕಾಲ್ ಹಾಡಿದ್ದು ಅಚ್ಚುಕಟ್ಟು. ಪೋಗ್ಸ್‌ನ ಶೇನ್ ಮೆಕ್‌ಗೋವನ್ ಹಾಡುವಾಗ ಪದಗಳು ಅರ್ಧ ಬಾಯಲ್ಲೇ ಉಳಿಯುತ್ತವೆ, ದನಿ ಒಡೆದಿದೆ. ನನ್ನ ಓಟು ಆ ಒಡೆದ ದನಿಗೇ. ಊರು ಬಿಟ್ಟವನ ಬಾಯಲ್ಲಿ ಊರಿನ ಹಾಡು ಹಾಗೇ ಬರುವುದು.

ಈಗ ನಮ್ಮ ಕಡೆ ಬನ್ನಿ. ನಾನು ಚಿಕ್ಕವನಾಗಿದ್ದಾಗ ಜಾತ್ರೆಯಲ್ಲಿ ಕೊಂಡ ಜನಪದ ಗೀತೆಗಳ ಕ್ಯಾಸೆಟ್ಟುಗಳಲ್ಲಿ ಜನಪದ ಎಷ್ಟಿತ್ತು? ಸಾಹಿತ್ಯ ನಮ್ಮವರದು, ಸರಿ. ಹಾಡಿದವರು ಸುಗಮ ಸಂಗೀತ ಕಲಿತವರು. ಹಿಂದೆ ಕೀಬೋರ್ಡು, ರಿದಮ್ ಪ್ಯಾಡು, ಬಾವಿಯೊಳಗಿಂದ ಬಂದ ಹಾಗೆ ಎಕೋ. ನಾಟಿ ಹಾಕುತ್ತಾ ಹಾಡುವ ಹೆಂಗಸಿನ ದನಿ ಅದರಲ್ಲಿ ಎಲ್ಲೂ ಇರಲಿಲ್ಲ. ಟೀವಿ ಸ್ಪರ್ಧೆಗಳು ಬಂದ ಮೇಲಂತೂ ಐದು ವರ್ಷದ ಮಗುವಿಗೂ "ಪಿಚ್ ಸ್ವಲ್ಪ ಹೋಯ್ತು ಪುಟ್ಟ" ಅಂತ ಹೇಳುವುದನ್ನು ಕಲಿತೆವು. ಹಾಡು ಎಲ್ಲರದ್ದು ಅಂತ ಭಾಷಣದಲ್ಲಿ ಹೇಳುತ್ತೇವೆ, ಮೈಕ್ ಮಾತ್ರ ಕಲಿತವರಿಗೆ ಕೊಡುತ್ತೇವೆ. ಮನೆಮನೆಯಲ್ಲಿ ಅಜ್ಜಿಯರ ಜೊತೆಗೇ ಪದಗಳು ಹೋಗುತ್ತಿರುವಾಗ ಇದು ಸಣ್ಣ ವಿಷಯ ಅಲ್ಲ. ಅವರನ್ನು ಹೇಗಿದ್ದಾರೋ ಹಾಗೇ ಹಾಡಲು ಬಿಡಿ. ಫೋನಿನಲ್ಲಾದರೂ ಹಿಡಿದಿಡಿ. ಕೆಮ್ಮು ಬಂದರೆ ಕೆಮ್ಮೂ ಇರಲಿ.

ಇಲ್ಲಿಯವರೆಲ್ಲ ಉದಾರಿಗಳು ಅಂತ ನಾನು ಹೇಳಲಾರೆ. ಅದೇ ಫ್ರೀ ಟ್ರೇಡ್ ಹಾಲಿನಲ್ಲಿ 1966ರ ಮೇ 17ರಂದು ಜನಪದ ಹಾಡಿನಿಂದ ಹೆಸರಾಗಿದ್ದ ಬಾಬ್ ಡಿಲನ್ ಕರೆಂಟಿನ ಗಿಟಾರ್ ಹಿಡಿದು ಹಾಡಿದಾಗ ಸಭಿಕನೊಬ್ಬ "ಜೂಡಾಸ್" ಅಂತ ಕೂಗಿದ. ಗುರುದ್ರೋಹಿ ಅಂತ ಬೈದ ಹಾಗೆ. ಪಂಕ್ ಬರುವ ಹತ್ತು ವರ್ಷ ಮುಂಚೆ, ಅದೇ ಕಟ್ಟಡದಲ್ಲಿ! ಮೆಕಾಲ್ ಕೂಡ ಲಂಡನ್ನಿನ ತಮ್ಮ ಕ್ಲಬ್ಬಿನಲ್ಲಿ ಹಾಡುವವರು ತಮ್ಮ ನಾಡಿನ, ತಮ್ಮ ನುಡಿಯ ಹಾಡನ್ನೇ ಹಾಡಬೇಕು ಅಂತ ಕಟ್ಟಳೆ ಮಾಡಿದ್ದರು. ಬಾಗಿಲು ಕಾಯುವವರು ಇಲ್ಲೂ ಇದ್ದರು.

ನಮ್ಮಲ್ಲಿ ಏನೂ ಇಲ್ಲ ಅನ್ನುವುದೂ ಅನ್ಯಾಯವೇ. ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡಲು ಯಾರ ಟ್ರ್ಯಾಕನ್ನೂ ಕಾದವರಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ, ಆ ಫ್ರೀ ಟ್ರೇಡ್ ಹಾಲಿನ ಕಾರ್ಯಕ್ರಮಕ್ಕೂ ಒಂದು ವರ್ಷ ಮೊದಲು. ಆ ಹಾಡುಗಳನ್ನು ತಮಟೆ ಜೊತೆ ಮೆರವಣಿಗೆಯಲ್ಲಿ ಹಾಡಿದವರಿಗೆ ಸಿಟ್ಟೇ ಶ್ರುತಿ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೊ' ಹಾಡಿದರು. ಆಮೇಲೆ ಈ ದೇಶಕ್ಕೆ ಬಂದು ಕನ್ನಡ ಗೊತ್ತಿಲ್ಲದವರನ್ನು ಕುಣಿಸಿದರು. ನನಗೆ ಆ ಆಲ್ಬಂ ಸ್ವಲ್ಪ ಜಾಸ್ತಿ ಹೊಳಪು ಅನಿಸುತ್ತದೆ, ಅದು ಬೇರೆ ಮಾತು.

ಕೊನೆಗೆ ಅಶ್ವಥ್. ಇದನ್ನು ಒಪ್ಪಿಕೊಳ್ಳಲು ಕಷ್ಟ, ಆದರೂ ಒಪ್ಪಲೇಬೇಕು. ನಾನು ಬೈದ ಆ ಕ್ಯಾಸೆಟ್ಟುಗಳ ಕಾಲದಲ್ಲೇ, ಅವೇ ಸ್ಟುಡಿಯೋಗಳಿಂದಲೇ ಶರೀಫರು ನಮ್ಮ ಮನೆಗೆ ಬಂದರು. 1889ರಲ್ಲಿ ತೀರಿಕೊಂಡ ಶಿಶುನಾಳದ ಸಂತನ ಪದ ಹಳೇ ಮೈಸೂರು ಕಡೆಯ ನಮಗೆ ಬಾಯಿಪಾಠ ಆದದ್ದು ಅಶ್ವಥ್ ಅವರಿಂದ. ಅವರು ನುಣ್ಣಗೆ ಹಾಡುತ್ತಲೂ ಇರಲಿಲ್ಲ, ಗಂಟಲು ಬಿಚ್ಚಿ ಕೂಗುತ್ತಿದ್ದರು. ಅದಕ್ಕೇ ಇವತ್ತಿಗೂ ಪೋಗ್ಸ್ ಕೇಳಿದ ಮೇಲೆ ನಾನು ಹಚ್ಚುವುದು ಅವರ ಹಾಡುಗಳನ್ನೇ. ಆದರೂ ಆ ಕ್ಯಾಸೆಟ್ಟುಗಳ ಕೋರಸ್ಸಿನ ಜಾಗದಲ್ಲಿ ಶಿಶುನಾಳದ ಕಡೆಯ ಭಜನಾ ಮೇಳದವರನ್ನು ಕೂರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅಲ್ವಾ? ಏಕತಾರಿ, ತಾಳ, ಅವರದೇ ದನಿ, ಅಷ್ಟೇ ಇಟ್ಟುಕೊಂಡು ಯಾರಾದರೂ ಈಗಲಾದರೂ ಒಂದು ಆಲ್ಬಂ ಮಾಡಿದರೆ ಮೊದಲ ಪ್ರತಿಗೆ ನಾನು ದುಡ್ಡು ಕೊಡುತ್ತೇನೆ.