ಜೀನ್ಸ್ ತೊಳೆಯಬಾರದು ಎನ್ನುವವರು ಆಷಾಢದಲ್ಲಿ ಕಾರವಾರಕ್ಕೆ ಬನ್ನಿ

ಇವತ್ತು ಸಿಟ್ಟು ನೆತ್ತಿಗೇರಿದೆ, ಬರೆದೇ ಬಿಡುತ್ತೇನೆ. ರಾ ಡೆನಿಮ್ ಜೀನ್ಸನ್ನು, ಅಂದರೆ ಕಾರ್ಖಾನೆಯಲ್ಲಿ ಒಮ್ಮೆಯೂ ತೊಳೆಯದೆ ಬರುವ ಜೀನ್ಸನ್ನು, ಆರು ತಿಂಗಳು ತೊಳೆಯಬಾರದು ಅಂತ ಉಪದೇಶ ಮಾಡುವ ಮಹಾನುಭಾವರೆಲ್ಲ ಒಂದು ಆಷಾಢ ಕಾರವಾರದಲ್ಲಿ ಕಳೆಯಬೇಕು. ಆಮೇಲೆ ಮಾತಾಡೋಣ.

ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ವರ್ಕ್ ಫ್ರಮ್ ಹೋಮ್ ಅಂತೆ. ವರ್ಕ್ ಅವನದು, ಹೋಮ್ ನಮ್ಮದು. ಜೊತೆಗೆ ಒಂದು ರಾ ಡೆನಿಮ್ ತಂದಿದ್ದಾನೆ. ಅದರ ಬೆಲೆ ಕೇಳಿದರೆ ಸಿರ್ಸಿಯಲ್ಲಿರುವ ನಮ್ಮ ಆಯಿ ಎಷ್ಟು ಕಿಲೋ ಅಡಿಕೆ ಅಂತ ಲೆಕ್ಕ ಹಾಕುತ್ತಾಳೆ. ಹಾಕದ ದಿನ ಬಾಗಿಲ ಹಿಂದಿನ ಮೊಳೆಗೆ ನೇತು ಹಾಕುತ್ತಾನೆ. ಇವತ್ತು ಬೆಳಿಗ್ಗೆ ಕೋಣೆ ಗುಡಿಸಲು ಹೋದರೆ ಅದರ ಸೊಂಟದ ಪಟ್ಟಿ ತುಂಬ ಬೂಸ್ಟು. ವಾಸನೆ ಬೇರೆ. ತೊಳೆಯಲು ಎತ್ತಿಕೊಂಡದ್ದೇ ಮಾಣಿ ಲ್ಯಾಪ್‌ಟಾಪ್ ಬಿಟ್ಟು ಓಡಿ ಬಂದ. ‘ಚಿಕ್ಕೀ, ಬೇಡ! ಫೇಡ್ ಹಾಳಾಗ್ತದೆ!’

ಫೇಡ್ ಅಂತೆ, ಹಾಕಿ ಹಾಕಿ ಬಣ್ಣ ಮಾಸಿ ಮೂಡುವ ಗೆರೆಗಳು. ಬೂಸ್ಟೂ ಡಿಸೈನೇ ಇರಬೇಕು.

ಜೀನ್ಸ್ ವಿಷಯದಲ್ಲಿ ನಾನು ಏನೂ ತಿಳಿಯದವಳಲ್ಲ ಅಂತ ನಿಮಗೆಲ್ಲ ಗೊತ್ತು. ನನ್ನ ಪ್ಯಾಂಟನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೇ ಈ ಅರ್ಧಂಬರ್ಧ ಜ್ಞಾನ ಕಂಡರೆ ಮೈ ಉರಿಯುತ್ತದೆ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಜೀನ್ಸ್ ನಮ್ಮ ಕೈಗೆ ಬರುವ ಮೊದಲೇ ತೊಳೆಸಿಕೊಂಡು, ಉಜ್ಜಿಸಿಕೊಂಡು ಬಂದಿರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳ ಜೊತೆ ವಾಷಿಂಗ್ ಯೂನಿಟ್‌ಗಳೂ ಇರುವುದು ಅದಕ್ಕೇ. ರಾ ಡೆನಿಮ್‌ಗೆ ಆ ಸ್ನಾನ ಆಗಿರುವುದಿಲ್ಲ. ಮಗ್ಗದಲ್ಲಿ ಎಳೆ ತುಂಡಾಗದಿರಲಿ ಅಂತ ಉದ್ದಕ್ಕೆ ಹಾಸುವ ನೂಲಿಗೆ ಹಾಕಿದ ಗಂಜಿ ಬಟ್ಟೆಯಲ್ಲೇ ಉಳಿದಿರುತ್ತದೆ. ಹೊಸದರಲ್ಲಿ ಅದು ಸೆಟೆದುಕೊಂಡು ಇರುವುದು ಆ ಗಂಜಿಯಿಂದ. ಈಗ ಹೇಳಿ, ಗಂಜಿ ಇದೆ, ಅವನ ಬೆವರಿದೆ, ಮೇಲಿಂದ ನಮ್ಮೂರಿನ ತೇವ. ಬೂಸ್ಟಿಗೆ ಎಲೆ ಹಾಕಿ ಬಡಿಸಿದ ಹಾಗಾಯಿತು ಅಲ್ವಾ?

ಬಣ್ಣ ಹೋಗುತ್ತದೆ ಎನ್ನುವ ಹೆದರಿಕೆ ಪೂರ್ತಿ ಸುಳ್ಳಲ್ಲ. ಜೀನ್ಸಿನ ನೀಲಿ ಬಣ್ಣವಾದ ಇಂಡಿಗೋ ಹಾಗೇ ನೀರಲ್ಲಿ ಕರಗುವುದಿಲ್ಲ. ತೊಟ್ಟಿಯಲ್ಲಿ ಅದರ ರೂಪ ಬದಲಿಸಿ ಕರಗಿಸುತ್ತಾರೆ. ನೂಲನ್ನು ಅದರಲ್ಲಿ ಅದ್ದಿ ಎತ್ತಿದಾಗ ಗಾಳಿ ತಾಗಿ ನೀಲಿಯಾಗುತ್ತದೆ. ಹೀಗೆ ಮತ್ತೆ ಮತ್ತೆ ಅದ್ದಿದರೂ ಬಣ್ಣ ಕೂರುವುದು ನೂಲಿನ ಹೊರಮೈಯಲ್ಲಿ, ಒಳಗಿನ ತಿರುಳು ಬೆಳ್ಳಗೇ ಇರುತ್ತದೆ. ಹಾಗಾಗಿ ನೀರಿಗಿಂತ ಉಜ್ಜುವುದಕ್ಕೆ ಅದು ಜಾಸ್ತಿ ಹೆದರುತ್ತದೆ. ಮಾಣಿ ಕೂತೆದ್ದ ನನ್ನ ಬಿಳಿ ಬೆಡ್‌ಶೀಟ್ ಈಗ ನೀಲಿ. ಅಲ್ಲಿ ಯಾವ ನೀರಿತ್ತು, ಯಾವ ಸೋಪಿತ್ತು? ಬರೀ ಉಜ್ಜಾಟ.

ಮತ್ತೆ ಆ ಬೆಡ್‌ಶೀಟ್ ತೊಳೆಯುವವರು ಯಾರು? ನಾನೇ. ಸುಮ್ನೆ ಗಮನಿಸಿ ನೋಡಿ, ‘ತೊಳೆಯಲೇಬೇಡಿ’ ಅಂತ ವಿಡಿಯೋ ಮಾಡುವವರಲ್ಲಿ ಹೆಚ್ಚಿನವರು ಗಂಡಸರು. ಒಗೆಯುವ ಕಲ್ಲಿನ ಹತ್ತಿರ ಹೋಗಿ ಗೊತ್ತಿಲ್ಲದವರಿಗೆ ತೊಳೆಯದಿರುವುದು ದೊಡ್ಡ ತಪಸ್ಸು.

ತೊಳೆಯುವುದು ಅಂದಕೂಡಲೇ ಕಲ್ಲಿಗೆ ಬಡಿಯುವುದು, ಬಾರ್ ಸೋಪು ತಿಕ್ಕಿ ಬ್ರಷ್ ಹಾಕುವುದು ಅಂತ ತಿಳಿಯಬೇಡಿ. ಅದು ಕೊಲೆ. ನಾನು ಮಾಡುವುದು ಇಷ್ಟೇ. ಗುಂಡಿ ಹಾಕಿ, ಒಳಮೈ ಹೊರಗೆ ಮಾಡಿ, ಬಕೆಟ್ ತಣ್ಣೀರಲ್ಲಿ ನೆನೆ ಹಾಕುತ್ತೇನೆ. ಅಂಟವಾಳಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಹಿಂದಿನ ರಾತ್ರಿಯೇ ಬಿಸಿ ನೀರಲ್ಲಿ ಹಾಕಿಟ್ಟು, ಕಿವುಚಿ ಸೋಸಿದ ನೊರೆನೀರೇ ನನ್ನ ಸೋಪು. ನಮ್ಮ ಆಯಿ ರೇಷ್ಮೆ ಸೀರೆಯನ್ನೂ ಬಂಗಾರವನ್ನೂ ತೊಳೆಯುವುದು ಇದರಲ್ಲೇ. ಅದು ಸಿಗದಿದ್ದರೆ ಉಣ್ಣೆ, ರೇಷ್ಮೆಗೆಂದೇ ಬರುವ ಮೆತ್ತನೆಯ ಲಿಕ್ವಿಡ್ ಒಂದೆರಡು ಮುಚ್ಚಳ ಸಾಕು. ಬ್ಲೀಚ್ ಇರುವ ಪುಡಿ ಮಾತ್ರ ಬೇಡ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕೈಯಲ್ಲಿ ಒತ್ತಿ ಒತ್ತಿ ಕೊಳೆ ಬಿಡಿಸಿ, ನೊರೆ ಹೋಗುವ ತನಕ ಜಾಲಾಡಿಸಬೇಕು. ಮೊದಲ ನೀರು ನೀಲಿಯಾಗಿ ಬರುತ್ತದೆ. ಅದು ನೂಲಿಗೆ ಸರಿಯಾಗಿ ಹಿಡಿಯದೆ ಉಳಿದ ಬಣ್ಣ, ಹೋಗಲಿ ಬಿಡಿ. ಹಿಂಡಬಾರದು, ಹಿಂಡಿದರೆ ಗೆರೆ ಬೀಳುತ್ತದೆ. ಸೊಂಟದ ಕಡೆಯಿಂದ ಕ್ಲಿಪ್ ಹಾಕಿ ನೆರಳಲ್ಲಿ ಇಳಿಬಿಡಿ.

ಇನ್ನೊಂದು ಮಾತು. ಸ್ಯಾನ್ಫರೈಜ್ ಮಾಡದ, ಅಂದರೆ ಕಾರ್ಖಾನೆಯಲ್ಲೇ ಮೊದಲು ಕುಗ್ಗಿಸದ ಬಟ್ಟೆಯಾದರೆ ಮೊದಲ ನೀರಿಗೇ ಹತ್ತಿರ ಹತ್ತಿರ ಶೇಕಡಾ 10ರಷ್ಟು ಕುಗ್ಗಬಹುದು, ಬಿಸಿ ನೀರಾದರೆ ಕೇಳುವುದೇ ಬೇಡ. ಮಾಡಿದ್ದಾದರೆ ಶೇಕಡಾ 3 ದಾಟುವುದು ಕಡಿಮೆ. ಕೊಳ್ಳುವಾಗಲೇ ಕೇಳಿಕೊಳ್ಳಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವವರಿಗೆ ದೂರದಿಂದಲೇ ನಮಸ್ಕಾರ. ಇಂಡಿಗೋ ಅದಕ್ಕೆಲ್ಲ ಬಗ್ಗುವ ಬಣ್ಣವಲ್ಲ.

ಮಾಣಿಯ ಹತ್ತಿರ ಬೇರೆ ಐಡಿಯಾಗಳಿದ್ದವು. ಪ್ಯಾಂಟು ಹಾಕಿಕೊಂಡೇ ಸಮುದ್ರಕ್ಕಿಳಿದು ಮರಳಲ್ಲಿ ಉಜ್ಜುವುದಂತೆ, ಫಾರಿನ್ನಿನಲ್ಲಿ ಹಾಗೆ ಮಾಡುತ್ತಾರಂತೆ. ಹೌದು, ಮಾಡುವವರಿದ್ದಾರೆ. ಆದರೆ ಆಷಾಢದಲ್ಲಿ ಟ್ಯಾಗೋರ್ ಬೀಚಿನ ಅಲೆ ನೋಡಿದ್ದೀಯೇನೋ ಅಂದೆ. ಬದುಕಿ ಬಂದರೂ ಪ್ಯಾಂಟು ಒಣಗಬೇಕಲ್ಲ. ಕಡಲ ಉಪ್ಪು ಬಟ್ಟೆಯಲ್ಲಿ ಕೂತರೆ ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ಸದಾ ಜಿಗಿಜಿಗಿ. ಹಾಗಾದರೆ ಫ್ರೀಜರಿನಲ್ಲಿಡುತ್ತೇನೆ ಅಂದ. ಚಳಿಗೆ ಸೂಕ್ಷ್ಮಾಣುಗಳು ಹೆಚ್ಚಿನವು ಸಾಯುವುದಿಲ್ಲ, ನಿದ್ದೆ ಮಾಡುತ್ತವೆ ಅಷ್ಟೆ. ಮತ್ತೆ ನನ್ನ ಫ್ರೀಜರಿನಲ್ಲಿ ತೆಂಗಿನತುರಿ ಇದೆ ಮಾರಾಯಾ.

ಕಾಮೆಂಟಿನಲ್ಲಿ ಯಾರಾದರೂ ಕೆನಡಾದ ಕತೆ ತಂದೇ ತರುತ್ತೀರಿ, ನಾನೇ ಹೇಳಿಬಿಡುತ್ತೇನೆ. ಆಲ್ಬರ್ಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 15 ತಿಂಗಳು ತೊಳೆಯದೆ ಒಂದೇ ಜೀನ್ಸ್ ಹಾಕಿದ್ದ. ಆಮೇಲೆ ತೊಳೆದು 2 ವಾರ ಹಾಕಿ ಮತ್ತೆ ಪರೀಕ್ಷಿಸಿದರೆ ಬ್ಯಾಕ್ಟೀರಿಯಾ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇತ್ತು. 2011ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಸರಿ ಸ್ವಾಮಿ, ಒಪ್ಪಿದೆ. ಆ ವಿಶ್ವವಿದ್ಯಾಲಯ ಇರುವುದು ಎಡ್ಮಂಟನ್‌ನಲ್ಲಿ, ಚಳಿಯ ಒಣ ಊರು. ಇಲ್ಲಿ ಬೆಂಕಿಪೊಟ್ಟಣ ಕೂಡ ಮೆತ್ತಗಾಗುತ್ತದೆ. ಇನ್ನು ಜೀನ್ಸ್ ಕಂಪನಿ ಲಿವೈಸ್‌ನ ಮುಖ್ಯಸ್ಥರಾಗಿದ್ದ ಚಿಪ್ ಬರ್ಗ್ 2014ರಲ್ಲಿ, ಹಾಕಿಕೊಂಡಿದ್ದ ಜೀನ್ಸ್ ತೋರಿಸಿ ಇದಿನ್ನೂ ವಾಷಿಂಗ್ ಮಷೀನ್ ಕಂಡಿಲ್ಲ ಅಂದಿದ್ದರು. ಅದನ್ನು ಎಲ್ಲರೂ ಹಂಚಿದರು. ಬೇಕಾದಾಗ ಕೈಯಲ್ಲಿ ತೊಳೆದು ಒಣಹಾಕುತ್ತೇನೆ ಅಂತ ಆಮೇಲೆ ಅವರೇ ಬರೆದದ್ದನ್ನು ಮಾತ್ರ ಯಾರೂ ಹಂಚುವುದಿಲ್ಲ. ನೀರು ಉಳಿಯುತ್ತದೆ ಎನ್ನುವ ವಾದ ಬೇಸಿಗೆಯಲ್ಲಿ ಬೇಕಾದರೆ ಕೇಳುತ್ತೇನೆ. ಈಗ ನಮ್ಮ ಸೂರಿನಿಂದ ಬೀಳುವ ನೀರಲ್ಲಿ ಇಡೀ ಓಣಿಯ ಜೀನ್ಸ್ ತೊಳೆಯಬಹುದು.

ಇಷ್ಟೆಲ್ಲ ಕೂಗಾಡಲು ಇನ್ನೊಂದು ಕಾರಣವೂ ಇದೆ. ಸಿರ್ಸಿಯಲ್ಲಿ ಕಾಲೇಜಿಗೆ ಹೋಗುವಾಗ ಜೀನ್ಸ್ ಹಾಕುವ ಧೈರ್ಯ ನನಗಿರಲಿಲ್ಲ. ಅಪ್ಪ ಬೇಡ ಅಂದಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ. ಕಾರವಾರದಲ್ಲಿ ಕೆಲಸ ಸಿಕ್ಕಿ ಕೈಗೆ ಸಂಬಳ ಬಂದಮೇಲೆ ಕೊಂಡದ್ದು. ಸ್ಕೂಟರಿನಲ್ಲಿ ಕೂತು ಕೂತು ಅದರ ಮಂಡಿಯ ಹತ್ತಿರ ಮೂಡಿದ ಬಿಳಿ ಗೆರೆಗಳು ನನ್ನವೇ, ಬೇರೆ ಯಾರ ಪ್ಯಾಂಟಿನಲ್ಲೂ ಹಾಗೇ ಬರುವುದಿಲ್ಲ. ತೊಳೆದೂ ತೊಳೆದೂ ಬಂದ ಫೇಡ್ ಅದು. ಮಾಣಿಗೆ ತೋರಿಸಿದರೆ ಫೋಟೋ ತೆಗೆದುಕೊಂಡ, ಕಳ್ಳ.

ಮಧ್ಯಾಹ್ನ ಸ್ವಲ್ಪ ಹೊಳವಾಗಿತ್ತು. ಅಂಗಳದಲ್ಲಿ ಬೂಸ್ಟು ಕೊಡವಿಸಿ ಅವನ ಕೈಯಲ್ಲೇ ತೊಳೆಸಿದೆ. ಜಗಲಿಯಲ್ಲಿ ಫ್ಯಾನಿನ ಕೆಳಗೆ ತೂಗುತ್ತಿದೆ, ನಾಡಿದ್ದಿನೊಳಗೆ ಒಣಗಿದರೆ ಪುಣ್ಯ. ಅಷ್ಟರ ತನಕ ಅವನು ಅವನ ಚಿಕ್ಕಪ್ಪನ ಲುಂಗಿಯಲ್ಲೇ ಮೀಟಿಂಗ್ ಮಾಡಲಿ, ಕ್ಯಾಮೆರಾದಲ್ಲಿ ಹೇಗೂ ಸೊಂಟದ ಮೇಲೆ ಮಾತ್ರ ಕಾಣುತ್ತದೆ.

ಅಂಟವಾಳಕಾಯಿ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಆಯಿ ಡಬ್ಬ ತುಂಬ ಕಳಿಸಿದ್ದಾಳೆ. ಕೊರಿಯರ್ ಖರ್ಚು ನಿಮ್ಮದೇ.