ಬಲವಾಗಿ ಒಪ್ಪುತ್ತೇನೆ, ಸರ್

ನಮ್ಮದು ದಾವಣಗೆರೆ ವಿದ್ಯಾನಗರದ ಕಡೆ ಒಂದು ಝೆರಾಕ್ಸ್ ಅಂಗಡಿ. ಎದುರಿಗೇ ಕಾಲೇಜು. ಹೆಸರು ಬೇಡ, ನಾಳೆ ಬೆಳಿಗ್ಗೆ ಮತ್ತೆ ಅವರೇ ಗಿರಾಕಿ. ನಾನು ಓದಿದ್ದು ಪಿಯುಸಿ, ಅದೂ ಎರಡನೇ ಸಲಕ್ಕೆ ಪಾಸು. ಆದರೆ ಉನ್ನತ ಶಿಕ್ಷಣದ ಸಂಶೋಧನೆ ಅಂತ ಬಂದರೆ ಈ ಏರಿಯಾದಲ್ಲಿ ನನ್ನಷ್ಟು ತಿಳಿದವರು ಕಡಿಮೆ. ಬರೆದವರೂ ಪೂರ್ತಿ ಓದಿರದ ಪ್ರಬಂಧಗಳನ್ನು ಸ್ಪೈರಲ್ ಬೈಂಡಿಂಗ್ ಮಾಡುವಾಗ ನಾನು ಓದಿದ್ದೇನೆ. ಪುಟ ಹಿಂದೆಮುಂದೆ ಆಗಬಾರದು ಅಲ್ವಾ.

ಈಗ ಎಲ್ಲರಿಗೂ ಎಲ್ಲರ ಅನುಭವ ಬೇಕಾಗಿದೆ. ವಿದ್ಯಾರ್ಥಿಗಳ ಕಲಿಕಾ ಅನುಭವ, ಅಧ್ಯಾಪಕರ ವೃತ್ತಿ ತೃಪ್ತಿ, ಗ್ರಂಥಾಲಯ ಬಳಕೆದಾರರ ಅನುಭವ. ಹೋದ ವಾರ ಬಂದದ್ದು 'ಸಮೀಕ್ಷೆ ತುಂಬುವ ಬಗ್ಗೆ ವಿದ್ಯಾರ್ಥಿಗಳ ಮನೋಭಾವ: ಒಂದು ಸಮೀಕ್ಷೆ'. ನಗಬೇಡಿ, ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ.

ಪಿಎಚ್‌ಡಿ ಮಾಡೋರು ಬಂದರೆ ಬಾಯಿ ಬಿಡುವ ಮೊದಲೇ ನನಗೆ ಗೊತ್ತು, ಪ್ರಶ್ನಾವಳಿಯ 384 ಪ್ರತಿ. ಕಾಮರ್ಸ್ ಇರಲಿ, ಸಮಾಜಶಾಸ್ತ್ರ ಇರಲಿ, ದೈಹಿಕ ಶಿಕ್ಷಣ ಇರಲಿ, 384. ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ: "ಸರ್, ಇದು 108 ಇದ್ದಂಗೆ ಏನಾದ್ರೂ ಪುಣ್ಯದ ನಂಬರಾ?" ಅವರು ಬೇಜಾರು ಮಾಡಿಕೊಳ್ಳದೆ ಹೇಳಿದರು. 1970ರಲ್ಲಿ ಕ್ರೆಜ್ಸಿ, ಮಾರ್ಗನ್ ಅಂತ ಇಬ್ಬರು ಅಮೆರಿಕದವರು ಒಂದು ಕೋಷ್ಟಕ ಮಾಡಿದ್ದಾರೆ, ಹತ್ತು ಲಕ್ಷ ಜನ ಇದ್ದರೂ 384 ಜನರನ್ನು ಕೇಳಿದರೆ ಸಾಕು ಅಂತ ಅದರಲ್ಲಿದೆ. "ನಿಮ್ಮ ಕಾಲೇಜಲ್ಲಿ ಎಷ್ಟು ಜನ ಸರ್?" "ಒಂದು ಆರು ನೂರು." ಅದೇ ಕೋಷ್ಟಕ ತೆಗೆದು ನೋಡಿದೆವು. ಆರು ನೂರಕ್ಕೆ 234 ಸಾಕಂತೆ. ನಾನು ವ್ಯಾಪಾರಸ್ಥ, 150 ಪ್ರತಿ ಲುಕ್ಸಾನು ಆಗುತ್ತೆ ಅಂತ ಗೊತ್ತಿದ್ದೂ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು "ಗೈಡ್ 384 ಅಂದಿದ್ದಾರೆ" ಅಂದರು. ಗೈಡ್ ಅಂದಮೇಲೆ ಮುಗೀತು. ಮಷಿನ್ ಆನ್ ಮಾಡಿದೆ.

ಇನ್ನು ಪ್ರಶ್ನಾವಳಿಯ ಕನ್ನಡ. ಇಂಗ್ಲಿಷಲ್ಲಿ ಇದ್ದದ್ದನ್ನು ಮೊಬೈಲಿಗೆ ಕೊಟ್ಟು, ಅದು ಉಗುಳಿದ್ದನ್ನು ಹಾಗೇ ಪೇಜ್ ಮಾಡಿಸುತ್ತಾರೆ. 'ನಾನು ಬಲವಾಗಿ ಒಪ್ಪುತ್ತೇನೆ', 'ನಾನು ಬಲವಾಗಿ ಅಸಮ್ಮತಿಸುತ್ತೇನೆ'. ಹೀಗೆ ಐದು ಖಾನೆ ಮಾಡಿ ಮನಸ್ಸು ಅಳೆಯೋ ಪದ್ಧತಿ 1932ರದ್ದು, ರೆನ್ಸಿಸ್ ಲಿಕರ್ಟ್ ಎಂಬುವವರದ್ದು. ಆ ಪುಣ್ಯಾತ್ಮನಿಗೆ ನಮ್ಮ ಬಿಎ ಮೊದಲ ವರ್ಷದ ಹುಡುಗರು ಸಿಕ್ಕಿರಲಿಲ್ಲ. "ಅಣ್ಣ, ಬಲವಾಗಿ ಅಂದ್ರೆ ಪೆನ್ನು ಒತ್ತಿ ಟಿಕ್ ಹಾಕ್ಬೇಕಾ?" ಅಂತ ಒಬ್ಬ ಕೇಳಿದ. ಹೂಂ ಅಂದೆ. ಹಾಳೆ ತೂತಾಗುವಂತೆ ಒಪ್ಪಿದ. ಉಳಿದವರದ್ದೆಲ್ಲ 'ತಟಸ್ಥ'. ಅದು ನಡುವೆ ಇರುತ್ತೆ, ಕೈಗೆ ಹತ್ತಿರ. ಸ್ವಲ್ಪ ಕಲಾವಿದರು ಇದ್ದರೆ ಹಾವು ಹರಿದಂತೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಟಿಕ್ ಹಾಕಿಕೊಂಡು ಇಳಿಯುತ್ತಾರೆ. ಆಮೇಲೆ ಆ ಹಾವು ಸಾಫ್ಟ್‌ವೇರ್ ಒಳಗೆ ಹೋಗಿ ಬಣ್ಣಬಣ್ಣದ ಪೈ ಚಾರ್ಟ್ ಆಗಿ ನನ್ನ ಹತ್ತಿರವೇ ಕಲರ್ ಪ್ರಿಂಟಿಗೆ ವಾಪಸ್ ಬರುತ್ತದೆ.

ಇದು ಬಿಡಿ ಸಾರ್, ಖಾಸಗಿ ಕಷ್ಟ. ದೊಡ್ಡ ಹಬ್ಬ ಅಂದರೆ ನ್ಯಾಕ್, ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ. 1994ರಲ್ಲಿ ಹುಟ್ಟಿದ್ದು, ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಲ್ಲೇ. ಕಾಲೇಜುಗಳಿಗೆ ಎ ಪ್ಲಸ್ ಪ್ಲಸ್‌ನಿಂದ ಶುರುಮಾಡಿ ಗ್ರೇಡ್ ಕೊಡುತ್ತಾ ಬಂದಿದೆ. 2017ರ ಹೊಸ ಪದ್ಧತಿಯಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಅಂತ ಸೇರಿಸಿದರು. ಒಟ್ಟು 21 ಪ್ರಶ್ನೆ. ಇಪ್ಪತ್ತಕ್ಕೆ ಟಿಕ್, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ. ಕೊನೆಯದಕ್ಕೆ ಮಾತ್ರ ಬರೆಯಬೇಕು. ಉದ್ದೇಶ ಒಳ್ಳೇದೇ. ಲಿಂಕ್ ನೇರವಾಗಿ ಹುಡುಗರ ಇಮೇಲಿಗೆ ಬರುತ್ತೆ, ನಡುವೆ ಕಾಲೇಜಿನವರ ಕೈ ಇರಬಾರದು ಅಂತ. ಆದರೆ ನಮ್ಮ ಹುಡುಗರು ಇಮೇಲ್ ನೋಡಿ ಯಾವ ಕಾಲ ಆಯ್ತೋ. ಎಷ್ಟೋ ಜನರ ಇಮೇಲ್ ಐಡಿ ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ನನ್ನ ಅಂಗಡಿಯಲ್ಲೇ ಹುಟ್ಟಿದ್ದು, ಪಾಸ್‌ವರ್ಡ್ ಇರುವುದು ನನ್ನ ಹಳೇ ಕ್ಯಾಲೆಂಡರ್ ಹಿಂದೆ. ಹಾಗಾಗಿ ತೃಪ್ತಿಯ ಲಿಂಕ್ ಬಂದ ದಿನ ಎಲ್ಲರೂ ನನ್ನ ಅಂಗಡಿ ಮುಂದೆ. ಜೊತೆಗೆ ಕ್ಲಾಸ್ ರೆಪ್ ಒಬ್ಬ, "ಎಲ್ಲಾ ನಾಲ್ಕು ನಾಲ್ಕೇ ಒತ್ರಪ್ಪ" ಅಂತ ಕೂಗಿಕೊಂಡು.

ಅವತ್ತು ಜಗಳೂರು ಕಡೆಯಿಂದ ಬರುವ ಒಂದು ಹುಡುಗಿ ಒಳಗೆ ಬಂದಳು. ಬೆಳಿಗ್ಗೆ ಆರೂವರೆಗೆ ಊರು ಬಿಟ್ಟರೂ ಬಸ್ಸಲ್ಲಿ ಒಂದು ಕಾಲಿಗೆ ಮಾತ್ರ ಜಾಗ ಸಿಕ್ಕುತ್ತಂತೆ, ಮೊದಲ ಪಿರಿಯಡ್ ಯಾವತ್ತೂ ಖೋತಾ. ಬಸ್ಸಿನ ಬಗ್ಗೆ ಪ್ರಶ್ನೆ ಇರಲಿಲ್ಲ, ಅದನ್ನು ಹುಡುಕುವುದನ್ನೂ ಅವಳು ಬಿಟ್ಟಿದ್ದಳು. "ಅಣ್ಣ, ಇಲ್ಲೇ ಕುಂತು ತುಂಬ್ತೀನಿ, ನಿಮ್ಮಲ್ಲಿ ಫ್ಯಾನ್ ಐತೆ" ಅಂದಳು. ಎರಡನೇ ಪ್ರಶ್ನೆಗೆ ಬಂದು ನಿಂತುಬಿಟ್ಟಳು. ಅಧ್ಯಾಪಕರು ತರಗತಿಗೆ ಎಷ್ಟು ಸಿದ್ಧರಾಗಿ ಬರುತ್ತಾರೆ? ಉತ್ತರದಲ್ಲಿ 'ಚೆನ್ನಾಗಿ' ಅನ್ನುವುದರಿಂದ ಹಿಡಿದು 'ಪಾಠವನ್ನೇ ಮಾಡುವುದಿಲ್ಲ' ಅನ್ನುವವರೆಗೆ ಇದೆ.

"ಎಕನಾಮಿಕ್ಸ್‌ಗೆ ಮೇಷ್ಟ್ರೇ ಇಲ್ಲ ಅಣ್ಣ. ಪೋಸ್ಟ್ ಖಾಲಿ. 'ಮೇಷ್ಟ್ರು ಇನ್ನೂ ಬಂದಿಲ್ಲ' ಅಂತ ಎಲ್ಲೈತೆ?"

"ಪಾಠವನ್ನೇ ಮಾಡುವುದಿಲ್ಲ ಅಂತ ಐತಲ್ಲಮ್ಮ, ಅದನ್ನ ಒತ್ತು."

"ಪಾಪ, ಇನ್ನೂ ಬರದೇ ಇರೋರ ಮೇಲೆ ಚಾಡಿ ಹೇಳಿದಂಗೆ ಆಗಲ್ವಾ?"

ಕೊನೆಗೆ ಕ್ಲಾಸ್ ರೆಪ್ ಮಾತಿನಂತೆ ನಾಲ್ಕು ಒತ್ತಿದಳು. ನೇಮಕವೇ ಆಗದ ಮೇಷ್ಟ್ರಿಗೆ ಹೀಗೆ ನಾಲ್ಕಕ್ಕೆ ನಾಲ್ಕು ಬಂತು.

ಇನ್ನು ಕೊನೆಯ ಪ್ರಶ್ನೆ, ಸುಧಾರಣೆಗೆ ಮೂರು ಸಲಹೆ ಕೊಡಿ ಅಂತ. ಹೆಚ್ಚಿನವರು 'ನೈಸ್', 'ಗುಡ್', 'ಓಕೆ' ಅಂತ ಬರೆದು ಮೂರು ಸಲಹೆ ಪೂರೈಸಿದರು. ಈ ಹುಡುಗಿ ಒಂದೇ ಪದ ಬರೆದಳು, 'ಫ್ಯಾನ್'. ಅವರ ಕೊಠಡಿಯ ಫ್ಯಾನ್ ತಿರುಗಿ ಎರಡು ಬೇಸಿಗೆ ಆಯ್ತು. ದಾವಣಗೆರೆ ಏಪ್ರಿಲ್ ಹೇಗಿರುತ್ತೆ ನಿಮಗೆ ಗೊತ್ತು. ಅದಾದ ತಿಂಗಳಿಗೆ ಕಾಲೇಜಿನವರೇ ಬೇರೆ ಫೀಡ್‌ಬ್ಯಾಕ್ ತೆಗೆದುಕೊಂಡರು. ಅವಳು ಅಲ್ಲೂ 'ಫ್ಯಾನ್' ಅಂತಲೇ ಬರೆದಿದ್ದಾಳೆ. ಅದರ ವಿಶ್ಲೇಷಣಾ ವರದಿ ಪ್ರಿಂಟಿಗೆ ಬಂತು. ಏಳನೇ ಪುಟದಲ್ಲಿತ್ತು: 'ವಿದ್ಯಾರ್ಥಿಗಳು ತಮ್ಮನ್ನು ಸಂಸ್ಥೆಯ ಅಭಿಮಾನಿಗಳೆಂದು ಹೇಳಿಕೊಂಡಿರುತ್ತಾರೆ.'

ಮೇಷ್ಟ್ರುಗಳ ಪಾಡು ಹುಡುಗರಿಗಿಂತ ಕಷ್ಟ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಾ ಬಂದಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಅತಿಥಿ ಅಂದರೆ ನಮ್ಮಲ್ಲಿ ದೇವರು, ಅದಕ್ಕೇ ಇರಬೇಕು ಸಂಬಳಕ್ಕೆ ಆತುರ ಇಲ್ಲ ಅಂದುಕೊಂಡಿದ್ದಾರೆ. 2023ರ ಕೊನೆಗೆ ಅವರೆಲ್ಲ ಕಾಯಂ ಮಾಡಿ ಅಂತ ತಿಂಗಳಿಗೂ ಹೆಚ್ಚು ದಿನ ಧರಣಿ ಕೂತಿದ್ದರು. ಅಂಥವರೊಬ್ಬರಿಗೆ ನನ್ನ ಅಂಗಡಿಯಲ್ಲೇ ಒಬ್ಬ ಸಂಶೋಧಕರು ವೃತ್ತಿ ತೃಪ್ತಿಯ ಫಾರಂ ಕೊಟ್ಟರು. 'ನಿಮ್ಮ ಸಂಬಳದ ಬಗ್ಗೆ ತೃಪ್ತಿ ಇದೆಯೇ?' ಇವರು ತಲೆ ಎತ್ತಿ ಕೇಳಿದರು, "ಯಾವ ತಿಂಗಳಿಂದು ಸರ್?" ಸಂಶೋಧಕರು ಅದನ್ನು 'ತಟಸ್ಥ' ಅಂತ ಗುರುತು ಹಾಕಿಕೊಂಡರು.

ನ್ಯಾಕ್ ತಂಡ ಬರುತ್ತೆ ಅಂದ ವಾರ ನನ್ನ ಮಷಿನ್ ರಾತ್ರಿ ಹನ್ನೊಂದರವರೆಗೂ ಓಡಿತ್ತು. ಹಿಂದಿನ ವರ್ಷಗಳ ಫೀಡ್‌ಬ್ಯಾಕ್ ಫಾರಂಗಳು ಈ ವರ್ಷ ಹುಟ್ಟಬೇಕಲ್ಲ. ಒಂದೇ ಪೆನ್ನಲ್ಲಿ ಬರೆದರೆ ಗೊತ್ತಾಗುತ್ತೆ ಅಂತ ಅಟೆಂಡರ್ ಬಂದು ನನ್ನ ಡಬ್ಬದಿಂದ ನೀಲಿ, ಕಪ್ಪು, ಒಂದು ಹಸಿರು ಪೆನ್ನು ಒಯ್ದ. ಮಾರನೇ ದಿನ ಫಾರಂಗಳನ್ನು ನಮ್ಮ ಮಾಳಿಗೆ ಮೇಲೆ ಹಪ್ಪಳ ಒಣಗಿಸಿದಂತೆ ಬಿಸಿಲಿಗೆ ಹರವಿದ್ದೆವು, ಕಾಗದ ಸ್ವಲ್ಪ ಹಳದಿ ಆಗಲಿ ಅಂತ. ನನ್ನ ಹೆಂಡತಿ ಕಾಗೆ ಓಡಿಸುತ್ತಾ ಕೂತಿದ್ದಳು. ನಾವು ಮಾಡಿದ್ದು ಸಣ್ಣ ಕೆಲಸ ಬಿಡಿ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಒಳ್ಳೆ ಗ್ರೇಡ್ ಕೊಡಲು ಲಂಚ ಪಡೆದ ಆರೋಪದ ಮೇಲೆ ತಪಾಸಣೆಗೆ ಹೋದ ನ್ಯಾಕ್ ತಂಡದವರನ್ನೇ ಸಿಬಿಐ ಹಿಡಿದಿತ್ತು. ಪೆನ್ನಿನ ಬಣ್ಣಕ್ಕೆ ಹೆದರಿದ ನಮ್ಮ ಅಟೆಂಡರ್ ಎಷ್ಟೋ ಮುಗ್ಧ.

ಊರಲ್ಲಿ ಫೀಡ್‌ಬ್ಯಾಕ್ ನಡೆಯೋದೇ ಇಲ್ಲ ಅಂತಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತು "ಬೆಣ್ಣೆ ಕಮ್ಮಿ ಆಯ್ತಲ್ಲ" ಅನ್ನಿ. ಭಟ್ಟರು ಮುಖ ಗಂಟು ಹಾಕಿಕೊಂಡಾದರೂ ಸರಿ, ಇನ್ನೊಂದು ಉಂಡೆ ಎಸೆದೇ ಎಸೆಯುತ್ತಾರೆ. 384 ಜನ ಹೇಳಲಿ ಅಂತ ಕಾಯಲ್ಲ.

ಈಗ ಎಲ್ಲಾ ಗೂಗಲ್ ಫಾರಂ ಆಗಿ ನನ್ನ ವ್ಯಾಪಾರ ಅರ್ಧಕ್ಕೆ ಇಳಿದಿದೆ. ಅದರ ಬಗ್ಗೆ ಯಾರೂ ಅಧ್ಯಯನ ಮಾಡಿಲ್ಲ ಅಂದುಕೊಂಡಿದ್ದೆ. ಮೊನ್ನೆ ಕಾಲೇಜಿನ ಸರ್ ಒಬ್ಬರು ಬಂದು ಕೈಕುಲುಕಿದರು. ಹದಿನೈದು ವರ್ಷದಲ್ಲಿ ಮೊದಲ ಸಲ. ಕೌಂಟರಿನಲ್ಲಿ ಕೂರುವ ನಮ್ಮ ಹುಡುಗ ಅವರ ಕಾಲೇಜಿನ ಬಿಕಾಂ ಅಂತೆ. "ಅಂದಮೇಲೆ ನೀವು ಉದ್ಯೋಗದಾತರು ಸ್ವಾಮಿ. ವಿದ್ಯಾರ್ಥಿಗಳದ್ದು, ಅಧ್ಯಾಪಕರದ್ದು, ಹಳೇ ವಿದ್ಯಾರ್ಥಿಗಳದ್ದು ಆಯ್ತು, ಉದ್ಯೋಗದಾತರ ಅಭಿಪ್ರಾಯ ಒಂದು ಬಾಕಿ ಐತೆ" ಅಂತ ಮೊಬೈಲ್ ಮುಂದೆ ಹಿಡಿದರು. ಕೂರಿಸಿದೆ, ಟೀ ತರಿಸಿದೆ. ಎಲ್ಲದಕ್ಕೂ ಬಲವಾಗಿ ಒಪ್ಪಿದೆ. ಕೆಳಗಡೆ ಸಲಹೆ ಅಂತ ಒಂದು ಖಾಲಿ ಡಬ್ಬಿ ಇತ್ತು. ಸರ್ ಬೆವರು ಒರೆಸಿಕೊಂಡು ನಮ್ಮ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ನಾನು ಒಂದೇ ಪದ ಒತ್ತಿ ಸಬ್ಮಿಟ್ ಮಾಡಿದೆ.

"ಏನ್ ಬರೆದ್ರಿ?" ಅಂದರು.

"ನಿಮ್ಮ ಅಭಿಮಾನಿ ಸರ್" ಅಂದೆ.