ಕೆಳಗೆ ಫಾಲ್ಸ್ ಸೀಲಿಂಗು, ಮೇಲೆ ಶೀಟು

ಮೊನ್ನೆ ತೀರ್ಥಹಳ್ಳಿ ಕಡೆ ನೆಂಟರ ಮನೆಗೆ ಹೋಗಿದ್ದೆ. ಯಾರು ಅಂತ ಹೇಳುವುದಿಲ್ಲ. ಅವರೂ ಫೇಸ್‌ಬುಕ್ಕಿನಲ್ಲಿದ್ದಾರೆ. ಇಷ್ಟು ಉದ್ದದ್ದನ್ನು ಓದುವ ತಾಳ್ಮೆ ಅವರಿಗಿಲ್ಲ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮನೆ ಕಟ್ಟಿ ಇನ್ನೂ ಮೂರು ಮಳೆಗಾಲ ಕಳೆದಿಲ್ಲ. ಮುಂಬಾಗಿಲು ಸಾಗುವಾನಿ, ಅದರ ಮೇಲೆ ಗಜಲಕ್ಷ್ಮಿ ಕೆತ್ತನೆ. ನೆಲಕ್ಕೆ ಮುಖ ಕಾಣುವಂಥ ಟೈಲ್ಸ್. ಹಾಲಿನಲ್ಲಿ ಫಾಲ್ಸ್ ಸೀಲಿಂಗು, ಅದರ ಅಂಚಿಗೆ ನೀಲಿ ಲೈಟು. ಆ ಸೀಲಿಂಗಿನ ಮೂಲೆಯಲ್ಲಿ ಕಂದು ಬಣ್ಣದ ದೊಡ್ಡ ಕಲೆ. ತಲೆ ಮೇಲೆ ಕಟಿಂಗ್ ಮಿಷನ್ ಸದ್ದು. ತಾರಸಿ ಮೇಲೆ ಟ್ರಸ್, ಅಂದರೆ ಶೀಟು ಹೊರುವ ಕಬ್ಬಿಣದ ಚೌಕಟ್ಟು, ಕೂರಿಸುತ್ತಿದ್ದರು.

"ಮಳೆಗಾಲಕ್ಕೆ ಮುಂಚೆ ಶೀಟು ಹಾಕಿ ಮುಗಿಸ್ಬೇಕು ಭಾವ. ಹೋದ ವರ್ಷ ಸಾಕೋ ಸಾಕಾಯ್ತು."

"ಕಟ್ಟುವಾಗಲೇ ಹಾಕಿಸಬಹುದಿತ್ತಲ್ಲ ಮಾರಾಯ?"

"ಆವಾಗ ಕೈ ಬಿಗಿ ಇತ್ತು ಭಾವ."

ಕೈ ಬಿಗಿ ಇತ್ತು! ಇದೇ ಮನೆಯ ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ಪಂಕ್ತಿ ಮೇಲೆ ಪಂಕ್ತಿ ಎದ್ದರೂ ಚಪ್ಪರದಲ್ಲಿ ಜನ ಕಡಿಮೆಯಾಗಿರಲಿಲ್ಲ. ಎರಡು ಥರ ಹೋಳಿಗೆ. ಮೇಲೆ ಹಾರಾಡುವ ಡ್ರೋನ್ ಕ್ಯಾಮೆರಾ. ಬಂದ ಹೆಂಗಸರಿಗೆಲ್ಲ ಬ್ಲೌಸ್ ಪೀಸು, ಜೊತೆಗೆ ಸ್ಟೀಲ್ ಡಬ್ಬಿ. ಆ ಡಬ್ಬಿಯಲ್ಲಿ ಈಗಲೂ ನಮ್ಮ ಮನೆಯಲ್ಲಿ ಜೀರಿಗೆ ಇದೆ. ಅವತ್ತು ಡ್ರೋನ್ ಹಾರಿದ್ದು ಇದೇ ತಾರಸಿ ಮೇಲೆ. ಅಷ್ಟು ಎತ್ತರದಿಂದಲೂ ಈ ಮನೆಗೊಂದು ಇಳಿಜಾರಿನ ಮಾಡು ಬೇಕು ಅಂತ ಯಾರಿಗೂ ಕಾಣಲಿಲ್ಲ.

ನಾನು ಸಾಲ ಕೊಡುವ ಕೆಲಸದಲ್ಲಿ ಟೇಬಲ್ಲಿನ ಆಚೆ ಬದಿ ಕೂತು ತಲೆ ಬೆಳ್ಳಗೆ ಮಾಡಿಕೊಂಡವನು, ನಿಮಗೆಲ್ಲ ಗೊತ್ತಿರುವುದೇ. ಮನೆ ಎಸ್ಟಿಮೇಟ್ ಓದಿ ಓದಿ ಒಂದು ಚಾಳಿ ಹತ್ತಿಬಿಟ್ಟಿದೆ. ಹೊಸ ಮನೆಗೆ ಹೋದರೆ ಹಾಲ್ ನೋಡುವುದಿಲ್ಲ, ಮೀಟರ್ ಬೋರ್ಡು ನೋಡುತ್ತೇನೆ. ಎಸ್ಟಿಮೇಟಿನಲ್ಲಿ ದುಡ್ಡು ಸಾಲದೆ ಬಂದಾಗ ಮೊದಲು ಕಾಟು ಹೊಡೆಯುವುದು ಯಾವುದಕ್ಕೆ ಗೊತ್ತಾ? ಕಣ್ಣಿಗೆ ಕಾಣದ್ದಕ್ಕೆ. ತಾರಸಿ ಮೇಲಿನ ಶೀಟು, ಗೋಡೆ ಒಳಗಿನ ವೈರು, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಮಣ್ಣೊಳಗಿನ ಅರ್ಥಿಂಗು, ಪೈಪು. ಟೈಲ್ಸಿಗೆ ಕಾಟು ಬಿದ್ದಿದ್ದನ್ನು ನಾನಂತೂ ನೋಡಿದ ನೆನಪಿಲ್ಲ. ಎರಡು ಮೂರು ವರ್ಷ ಕಳೆದ ಮೇಲೆ ಅದೇ ಜನ ಬಂಗಾರದ ಸರ ಹಿಡಿದುಕೊಂಡು ಬರುತ್ತಿದ್ದರು. ಕಾರಣದ ಕಾಲಂನಲ್ಲಿ "ಮನೆ ರಿಪೇರಿ". ಹೊಸ ಮನೆಗೆ ರಿಪೇರಿ!

ಶಿವಮೊಗ್ಗದಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಯಾವ ದಾರಿ ಬೇಕಾದರೂ ಹಿಡಿಯಿರಿ. ಚಪ್ಪಟೆ ತಾರಸಿಯ ಮನೆ, ಅದರ ತಲೆಗೆ ಟೋಪಿ ಇಟ್ಟ ಹಾಗೆ ಒಂದು ಶೀಟಿನ ಮಾಡು. ಒಂದೇ ಮನೆಗೆ ಎರಡು ಸೂರು. ಎರಡಕ್ಕೂ ದುಡ್ಡು ಕೊಟ್ಟಾಗಿದೆ, ಹೆಚ್ಚಿನವರು ಎರಡನೆಯದಕ್ಕೆ ಕೊಟ್ಟಿದ್ದು ಮೊದಲನೆಯದು ಸೋರಿದ ಮೇಲೆ. ಇದಕ್ಕೆ ನಾವು ಎಷ್ಟು ಒಗ್ಗಿದ್ದೇವೆ ಅಂದರೆ ಯಾರಿಗೂ ಇದು ವಿಚಿತ್ರ ಅನ್ನಿಸುವುದೇ ಇಲ್ಲ.

ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು 1,000 ಮಿ.ಮೀ. ಆಸುಪಾಸಿನ ಮಳೆ. ಆಗುಂಬೆಯ ಸರಾಸರಿ 7,000 ಮಿ.ಮೀ. ದಾಟುತ್ತದೆ. ಬೆಂಗಳೂರಿನ ಮನೆಯ ನಕ್ಷೆ ತಂದು ಇಲ್ಲಿ ಕಟ್ಟಿದರೆ ಸೋರದೆ ಇನ್ನೇನಾಗುತ್ತದೆ? ಹಿಂದಿನವರು ಹಂಚಿನ ಮಾಡನ್ನು ಅಷ್ಟು ಇಳಿಜಾರು ಮಾಡಿದ್ದು ಚಂದಕ್ಕಲ್ಲ. ಬಿದ್ದ ನೀರು ನಿಲ್ಲದೆ ಓಡಲಿ ಅಂತ. ಹಂಚಿಗೆ ಮಂಗನ ಕಾಟ ಇದೆ, ವರ್ಷ ವರ್ಷ ಸರಿ ಮಾಡಿಸಬೇಕು, ಆ ಕೆಲಸಕ್ಕೆ ಜನ ಸಿಗುವುದಿಲ್ಲ. ಒಪ್ಪಿದೆ. ಹಂಚು ಬಿಡಿ. ಇಳಿಜಾರನ್ನು ಯಾಕೆ ಬಿಟ್ಟಿರಿ?

ಚಪ್ಪಟೆ ತಾರಸಿ ಬೇಸಿಗೆಯ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿಗೆ ಕುಗ್ಗುತ್ತದೆ. ಕೂದಲಿನಷ್ಟು ಸಣ್ಣ ಬಿರುಕು ಬಿಡುತ್ತದೆ. ಆರಿದ್ರಾ ಮಳೆ ಹಿಡಿದರೆ ಪುಷ್ಯ ಮುಗಿಯುವ ತನಕ ಅದರ ಮೇಲೆ ನೀರು. ಆ ನೀರು ಬಿರುಕಿನಲ್ಲಿ ಇಳಿದು ಕಂಬಿ ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಊದಿಕೊಂಡು ಕೆಳಗಿನ ಕಾಂಕ್ರೀಟನ್ನೇ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಫಾಲ್ಸ್ ಸೀಲಿಂಗ್ ಇದ್ದರೆ ಇನ್ನೂ ಒಳ್ಳೆಯದು. ಚಕ್ಕೆ ಎದ್ದಿದ್ದು ಕಾಣುವುದೇ ಇಲ್ಲ, ಮನಸ್ಸಿಗೆ ನೆಮ್ಮದಿ!

ಇನ್ನು ಮೋಲ್ಡ್ ಹಾಕುವ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯುವ ದಿನದ ಕಥೆ. ಮಾಲು ಸುಲಭವಾಗಿ ಹರಿಯಲಿ ಅಂತ ನೀರು ಸುರಿಯುತ್ತಾರೆ. ಆ ಹೆಚ್ಚುವರಿ ನೀರು ಆರಿದ ಜಾಗವೆಲ್ಲ ಸಣ್ಣ ಸಣ್ಣ ತೂತು. ಆಮೇಲೆ ಕ್ಯೂರಿಂಗು, ಅಂದರೆ ಕಾಂಕ್ರೀಟಿಗೆ ನೀರು ಹಾಕಿ ಗಟ್ಟಿ ಮಾಡುವುದು. ಈಗ ಬರುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಇರಬೇಕು ಅಂತ ಐಎಸ್ 456 ಅನ್ನುವ ಸರ್ಕಾರಿ ಮಾನದಂಡವೇ ಹೇಳುತ್ತದೆ. ಇದಕ್ಕೆ ದುಡ್ಡಿಗಿಂತ ಜಾಸ್ತಿ ಬೇಕಾಗಿರುವುದು ನಿಗಾ. ಮೂರನೇ ದಿನಕ್ಕೆ ಪೈಪು ಸುತ್ತಿ ಇಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಅರ್ಧ ಜನ ಅದೇ ವಾರ ಟೈಲ್ಸ್ ಆರಿಸುವುದಕ್ಕೆ ಶಿವಮೊಗ್ಗಕ್ಕೂ ಊರಿಗೂ ಓಡಾಡುತ್ತಿರುತ್ತಾರೆ.

ಮೊದಲೇ ಶೀಟು ಹಾಕುವುದಕ್ಕೂ ಸೋರಿದ ಮೇಲೆ ಹಾಕುವುದಕ್ಕೂ ಖರ್ಚಿನಲ್ಲಿ ವ್ಯತ್ಯಾಸ ಬರುವುದು ಬರೀ ಶೀಟಿನ ರೇಟಿನಿಂದಲ್ಲ. ಮೊದಲೇ ಯೋಚಿಸಿದ್ದರೆ ಕಂಬದ ಕಂಬಿಯನ್ನು ಒಂದಷ್ಟು ಮೇಲಕ್ಕೆ ಬಿಡಿಸಬಹುದು, ಟ್ರಸ್ಸಿನ ಕಾಲು ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅಂದರೆ ಇರುವ ತಾರಸಿಗೆ ಡ್ರಿಲ್ ಹೊಡೆಯಬೇಕು. ಸೋರುವ ತಾರಸಿಗೆ ಹೊಸ ತೂತು! ಒಳಗೆ ಮತ್ತೆ ಬಣ್ಣ, ಸೀಲಿಂಗ್ ಬಿಚ್ಚಿ ಮತ್ತೆ ಕಟ್ಟುವುದು. ಶೀಟಿಗೆ ಮುಂಚೆ ಯಾರೋ ಹೇಳಿದರು ಅಂತ ಬಳಿಸಿದ ವಾಟರ್ ಪ್ರೂಫ್ ಬಣ್ಣದ ಖರ್ಚು ಬೇರೆ. ಇದನ್ನೆಲ್ಲ ಕೂಡಿಸಿ ನೋಡಿ. ಗೃಹಪ್ರವೇಶದ ದಿನ ಇಲ್ಲದ ದುಡ್ಡು ಈಗ ಎಲ್ಲಿಂದ ಬಂತು ಅಂತ ನಾನು ಆ ನೆಂಟನನ್ನು ಕೇಳಲಿಲ್ಲ. ಕೇಳಬೇಕಿತ್ತು. ಅವರ ಮನೆ ಕಾಫಿ ಕುಡಿಯುತ್ತಿದ್ದೆ, ಬಾಯಿ ಕಟ್ಟಿತು.

"ಎಲ್ಲರ ಹತ್ತಿರ ಮೊದಲೇ ದುಡ್ಡು ಇರಲ್ಲ ಸಾರ್, ನಿಮಗೇನು ಪೆನ್ಶನ್ ಬರುತ್ತೆ" ಅಂತ ಕಾಮೆಂಟ್ ಬರೆಯುವುದಕ್ಕೆ ಯಾರೋ ಬೆರಳು ಮಡಚುತ್ತಿರುತ್ತೀರಿ. ತಡೆಯಿರಿ. ದಿನಗೂಲಿಯಲ್ಲಿ ಬದುಕುವವರು ಅಂಗಡಿಯಿಂದ ಅರ್ಧ ಲೀಟರ್ ಎಣ್ಣೆಯೇ ತಗೊಳ್ಳುತ್ತಾರೆ. ಲೆಕ್ಕ ಹಾಕಿದರೆ ಅವರಿಗೇ ದುಬಾರಿ, ಅದು ಅವರಿಗೂ ಗೊತ್ತು. ಬೇರೆ ದಾರಿ ಇಲ್ಲ. ಅವರ ಬಗ್ಗೆ ನನ್ನ ಬಾಯಲ್ಲಿ ಒಂದು ಮಾತೂ ಬರುವುದಿಲ್ಲ. ಸಣ್ಣ ಸಾಲ ಕೇಳಿ ಬಂದವರಲ್ಲೇ ನಾನು ಜಾಸ್ತಿ ಕೇಳಿದ್ದು, "ಸಾರ್, ಮಾಡು ಗಟ್ಟಿ ಆದ್ರೆ ಸಾಕು, ನೆಲ ರೆಡ್ ಆಕ್ಸೈಡ್ ಇರ್ಲಿ" ಅನ್ನುವ ಮಾತು. ನನ್ನ ತಕರಾರು ದುಡ್ಡಿಲ್ಲದವರ ಮೇಲಲ್ಲ. ದುಡ್ಡು ಇಟ್ಟುಕೊಂಡು, ಅದನ್ನು ನೆಂಟರು ನೋಡುವ ಕಡೆಗೆಲ್ಲ ಸುರಿದು, ಮಳೆ ಬೀಳುವ ಕಡೆಗೆ ಬಂದಾಗ ಮಾತ್ರ ಕೈ ಬಿಗಿ ಮಾಡಿಕೊಳ್ಳುವವರ ಮೇಲೆ. ಕಾಮೆಂಟ್ ಹಾಕುವವರು ಯಾವ ಗುಂಪು ಅಂತ ನೀವೇ ನೋಡಿಕೊಳ್ಳಿ.

ಒಂದು ಸತ್ಯ ಹೇಳಿಬಿಡುತ್ತೇನೆ. ಇದರಲ್ಲಿ ಒಂದಿಷ್ಟು ಹೊಟ್ಟೆಯುರಿಯೂ ಇದೆ. ನಾವು ಮನೆ ಕಟ್ಟಿಸಿದಾಗ ಶೀಟು, ಒಳ್ಳೆ ವೈರು ಎಲ್ಲ ಮೊದಲೇ ಹಾಕಿಸಿ, ಗೃಹಪ್ರವೇಶಕ್ಕೆ ಕೈಯಲ್ಲಿ ಏನೂ ಉಳಿಯಲಿಲ್ಲ. ಹತ್ತಿರದ ನೆಂಟರು ಮಾತ್ರ. ಪಾಯಸ, ಚಿತ್ರಾನ್ನ. ಹೋಳಿಗೆ ಇರಲಿಲ್ಲ. ನಮ್ಮ ಚಿಕ್ಕಮ್ಮ ಅದನ್ನು ಇವತ್ತಿಗೂ ಬಿಟ್ಟಿಲ್ಲ, ಯಾರ ಮದುವೆಯಲ್ಲಿ ಸಿಕ್ಕಿದರೂ "ಇವನ ಗೃಹಪ್ರವೇಶಕ್ಕೆ ಹೋಳಿಗೆ ಇರ್ಲಿಲ್ಲ ಗೊತ್ತನಾ" ಅಂತ ಶುರು. ನನ್ನ ಹೆಂಡತಿ ನಗುತ್ತಾಳೆ, ನನಗೆ ಇನ್ನೂ ನಗು ಬರುವುದಿಲ್ಲ. ನಮ್ಮ ಮನೆ ಇಲ್ಲಿಯ ತನಕ ಸೋರಿಲ್ಲ ಅಂತ ಚಿಕ್ಕಮ್ಮ ಒಂದು ಸಲವೂ ಹೇಳಿಲ್ಲ. ಸೋರದ ಮನೆಯನ್ನು ಯಾರು ಗಮನಿಸುತ್ತಾರೆ?

ವೈರಿನ ವಿಷಯ ಬಂತಲ್ಲ, ಅದನ್ನೂ ಹೇಳಿಯೇಬಿಡುತ್ತೇನೆ. ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಜುಮ್ ಅನ್ನುವ ಮನೆಗಳು ನಮ್ಮ ಕಡೆ ಎಷ್ಟಿಲ್ಲ? ಗೋಡೆ ತೇವ, ವೈರು ಕಳಪೆ, ಅರ್ಥಿಂಗ್ ಹೆಸರಿಗೆ ಮಾತ್ರ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅಂತ ಒಂದು ಸುರಕ್ಷತೆಯ ಸ್ವಿಚ್ಚು ಬರುತ್ತದೆ. ಕರೆಂಟು ಅಷ್ಟು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್ ಮಾಡುತ್ತದೆ. ಬೆಲೆ ಎರಡು ಮೂರು ಸಾವಿರ. ಹಾಕಿಸಿದವರದ್ದೂ ಒಂದು ತಮಾಷೆ. ವೈರಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಪದೇ ಪದೇ ಬಿದ್ದು ಕರೆಂಟು ಹೋಗುತ್ತದೆ. ಕೂಡಲೇ "ಇದು ಕಿರಿಕಿರಿ" ಅಂತ ಅದನ್ನೇ ತಪ್ಪಿಸಿ ನೇರ ಕನೆಕ್ಷನ್ ಕೊಡಿಸುತ್ತಾರೆ. ಕಾವಲುಗಾರ ಕೂಗಿದ ಅಂತ ಅವನನ್ನೇ ಮನೆಗೆ ಕಳಿಸಿದರು. ಹಾಲಿನ ನೀಲಿ ಲೈಟು ಮಾತ್ರ ಚೆನ್ನಾಗಿ ಉರಿಯುತ್ತಿರುತ್ತದೆ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಹೊಸ ಮಾತು ಶುರುವಾಗಿದೆ. "ಕರೆಂಟೇ ಫ್ರೀ, ದುಬಾರಿ ಫ್ಯಾನ್ ಯಾಕೆ?" ಫ್ರೀ ಹೌದು, ಆದರೆ ಮಿತಿ ಇದೆ. ಹಿಂದಿನ ಬಳಕೆ ನೋಡಿ ನಿಮ್ಮ ಮನೆಗೆ ಹಾಕಿದ ಮಿತಿ ದಾಟಿದರೆ ದಾಟಿದ್ದಕ್ಕೆ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. ಹಳೇ ಥರದ ಫ್ಯಾನ್ ಎಳೆಯುವುದು ಸುಮಾರು 75 ವಾಟ್, ಕರೆಂಟು ಉಳಿಸುವ ಹೊಸ ಥರದ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ವ್ಯತ್ಯಾಸ. ಮೂರು ಫ್ಯಾನಿಗೆ 48. ಮಿತಿಯ ಅಂಚಿನಲ್ಲಿ ಇರುವ ಮನೆಗೆ ಈ 48 ಏನು ಮಾಡುತ್ತದೆ ಅಂತ ಲೆಕ್ಕ ಹಾಕಿ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಸೆಕೆಯಲ್ಲಿ ಫ್ಯಾನ್ ನಿಲ್ಲಿಸಿ ಮಲಗುವ ಧೀರರು ಯಾರಾದರೂ ಇದ್ದರೆ ಅವರಿಗೆ ಇದು ಅನ್ವಯಿಸುವುದಿಲ್ಲ.

ದುಬಾರಿಯದ್ದೆಲ್ಲ ಒಳ್ಳೆಯದು ಅಂತಲೂ ನಾನು ಹೇಳುತ್ತಿಲ್ಲ. ಆಗುಂಬೆ ಸುತ್ತಮುತ್ತ ಸೋಲಾರ್ ವಾಟರ್ ಹೀಟರ್ ಮಾರಲು ಬರುವವರನ್ನು ನೋಡಿದರೆ ನನಗೆ ಕನಿಕರ ಆಗುತ್ತದೆ. ಬಿಸಿನೀರು ಬೇಕೇ ಬೇಕು ಅನ್ನುವ ಜುಲೈನಲ್ಲಿ ಅಲ್ಲಿ ಬಿಸಿಲೇ ಇರುವುದಿಲ್ಲ. ತೋಟ ಇರುವ ಮನೆಯಲ್ಲಿ ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತದೆ, ಬಚ್ಚಲ ಒಲೆಗೆ ತುರುಕಿದರೆ ಹಂಡೆ ತುಂಬ ನೀರು ಕುದಿಯುತ್ತದೆ. ಶಿವಮೊಗ್ಗ ಪೇಟೆಯೊಳಗೆ ಅದೇ ಹೀಟರ್ ಹಾಕಿಸುವುದು ಬೇರೆ ಮಾತು, ಅಲ್ಲಿ ಮಳೆಯೂ ಕಡಿಮೆ, ಸಿಪ್ಪೆಯೂ ಇಲ್ಲ.

ಶೀಟಿನಲ್ಲೂ ಹೀಗೇ. ಬಣ್ಣ ನೋಡಿ ದುಡ್ಡು ಕೊಡಬೇಡಿ. ಗ್ಯಾಲ್ವಾಲ್ಯೂಮ್ ಅನ್ನುವುದು ಉಕ್ಕಿನ ಮೇಲೆ ಅಲ್ಯೂಮಿನಿಯಂ ಮತ್ತು ಸತುವಿನ ಲೇಪ. ಶೇ. 55 ಅಲ್ಯೂಮಿನಿಯಂ, ಉಳಿದದ್ದು ಹೆಚ್ಚುಕಡಿಮೆ ಸತು. ಈ ಲೇಪ ಚದರ ಮೀಟರಿಗೆ 150 ಗ್ರಾಂ ಇರುವುದೂ ಬರುತ್ತದೆ, 70 ಗ್ರಾಂ ಇರುವುದೂ ಬರುತ್ತದೆ. ಎರಡಕ್ಕೂ ಅದೇ ಹಸಿರು ಬಣ್ಣ, ಅದೇ ಹೊಳಪು. ನಮ್ಮ ಮಳೆಯಲ್ಲಿ ಯಾವುದು ಮೊದಲು ತುಕ್ಕು ಹಿಡಿಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ದಪ್ಪ ಹೇಳುವಾಗ ಬಣ್ಣ ಸೇರಿಸಿ ಹೇಳುತ್ತಿದ್ದಾರಾ, ಬರೀ ಲೋಹದ್ದಾ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸ್ಕ್ರೂ ಜೊತೆಗಿನ ರಬ್ಬರ್ ವಾಷರ್ ಒಳ್ಳೆಯದು ತಗೊಳ್ಳಿ. ಅಗ್ಗದ್ದು ಬಿಸಿಲಿಗೆ ಒಡೆದು ಅಲ್ಲಿಂದಲೇ ತೊಟ್ಟಿಕ್ಕಲು ಶುರು. ಟ್ರಸ್ಸಿಗೆ ಕರಿ ಪೈಪಿನ ಬದಲು ಸತು ಲೇಪದ ಜಿಐ ಪೈಪು ಹಾಕಿದರೆ, ವೆಲ್ಡಿಂಗ್ ಮಾಡಿದ ಜಾಗಕ್ಕೆ ಸತುವಿನ ಪೇಂಟ್ ಹೊಡೆಸುವುದನ್ನು ಮರೆಯಬೇಡಿ. ಲೇಪ ಸುಟ್ಟುಹೋಗಿರುವುದು ಅಲ್ಲೇ.

ಆ ನೆಂಟನಿಗೂ ಇದನ್ನೆಲ್ಲ ಹೇಳಿದೆ. ಕೊನೆಗೆ ಶೀಟು ಯಾವುದು ತಂದಿದ್ದೀಯ ಅಂತ ಕೇಳಿದೆ. "ಸ್ವಲ್ಪ ತೆಳು ಭಾವ. ಸುಮ್ನೆ ಯಾಕೆ ಜಾಸ್ತಿ ದುಡ್ಡು ಅಂತ. ಈಗ ಮಗನ ಉಪನಯನ ಬೇರೆ ಇದೆಯಲ್ಲ, ಕೈ ಬಿಗಿ."

ಉಪನಯನದ ಆಮಂತ್ರಣ ವಾಟ್ಸಾಪಿಗೆ ಬಂದಿದೆ, ವಿಡಿಯೋ ಸಮೇತ. ಶಿವಮೊಗ್ಗದ ಕನ್ವೆನ್ಷನ್ ಹಾಲ್ ಅಂತೆ. ಹೋಗುತ್ತೇನೆ, ಊಟ ಬಿಡುವವನಲ್ಲ.

ಮನೆ ಕಟ್ಟಿಸುತ್ತಿರುವವರು ಶೀಟು, ವೈರು, ಅರ್ಥಿಂಗ್ ಬಗ್ಗೆ ಏನಾದರೂ ಕೇಳುವುದಿದ್ದರೆ ಕೆಳಗೆ ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ. ಟೈಲ್ಸ್ ಯಾವ ಬಣ್ಣ ಚೆನ್ನಾಗಿರುತ್ತೆ ಅಂತ ಕೇಳಿದವರಿಗೆ ಉತ್ತರ ಕೊಡುವುದಿಲ್ಲ.